ನೋಡಿದರೆ ಮಾತ್ರ ನಗು ಬರುವುದು ಅಪರಾಧವೇ?

1982ರ ಮಾರ್ಚ್ 4, ಗುರುವಾರ. ಅಮೆರಿಕದ ಎಬಿಸಿ ವಾಹಿನಿಯಲ್ಲಿ ರಾತ್ರಿ ಎಂಟು ಗಂಟೆಗೆ ‘ಪೊಲೀಸ್ ಸ್ಕ್ವಾಡ್!’ ಎಂಬ ಅರ್ಧ ಗಂಟೆಯ ಹಾಸ್ಯ ಧಾರಾವಾಹಿ ಶುರುವಾಯಿತು. ಅದೇ ತಿಂಗಳ 25ರಂದು ನಾಲ್ಕನೆಯ ಕಂತು ಬಂತು. ಅಷ್ಟಕ್ಕೇ ವಾಹಿನಿ ಅದನ್ನು ಕೈಬಿಟ್ಟಿತು. ಚಿತ್ರೀಕರಣ ಮುಗಿದು ಉಳಿದಿದ್ದ ಇನ್ನೆರಡು ಕಂತುಗಳನ್ನು ಜುಲೈ 1 ಮತ್ತು 8ರಂದು, ಟಿವಿಯ ಮುಂದೆ ಜನ ಕಡಿಮೆ ಕೂರುವ ಬೇಸಿಗೆಯಲ್ಲಿ ಪ್ರಸಾರ ಮಾಡಿ ಲೆಕ್ಕ ಮುಗಿಸಿತು. ಒಟ್ಟು ಆರು ಕಂತು.

ಏಕೆ ನಿಲ್ಲಿಸಿದಿರಿ ಎಂಬ ಪ್ರಶ್ನೆಗೆ ಎಬಿಸಿಯ ಮನರಂಜನಾ ವಿಭಾಗದ ಮುಖ್ಯಸ್ಥ ಟೋನಿ ಥೊಮೊಪುಲಸ್ ಕೊಟ್ಟ ಕಾರಣ ಟಿವಿ ಚರಿತ್ರೆಯಲ್ಲಿ ಉಳಿದುಬಿಟ್ಟಿದೆ. ಈ ಕಾರ್ಯಕ್ರಮವನ್ನು ಸವಿಯಬೇಕಾದರೆ ಪ್ರೇಕ್ಷಕ ಅದನ್ನು ನೋಡಬೇಕಾಗುತ್ತದೆ ಎಂಬುದೇ ಆ ಕಾರಣ. ಅಂದರೆ ಜನ ಟಿವಿ ಹಾಕಿಕೊಂಡು ಪಾತ್ರೆ ತೊಳೆಯುತ್ತಾರೆ, ಬಟ್ಟೆ ಮಡಚುತ್ತಾರೆ, ಫೋನಿನಲ್ಲಿ ಮಾತನಾಡುತ್ತಾರೆ. ಆಗೊಮ್ಮೆ ಈಗೊಮ್ಮೆ ಕಣ್ಣು ಹಾಯಿಸಿದವರಿಗೂ ಕಥೆ ತಪ್ಪಬಾರದು, ನಗು ತಪ್ಪಬಾರದು. ಕಣ್ಣಿಟ್ಟು ನೋಡಿ ಎಂದು ಕೇಳುವ ಕಾರ್ಯಕ್ರಮ ಟಿವಿಗೆ ಒಗ್ಗುವುದಿಲ್ಲ.

ಟಿವಿ ವಾಹಿನಿಯೊಂದು ಕೊಟ್ಟ ಅತ್ಯಂತ ದಡ್ಡ ಕಾರಣ ಇದು ಎಂದು ವಿಮರ್ಶಕರು ಅಂದಿನಿಂದಲೂ ಜರೆದಿದ್ದಾರೆ. ಜರೆದು ಸುಮ್ಮನಾಗಿದ್ದಾರೆ. ಕೆಟ್ಟದ್ದು ಆಗಿರುವುದು ಇಲ್ಲಿಯೇ. ಒಬ್ಬ ಅಧಿಕಾರಿಯ ಎಡವಟ್ಟು ಮಾತು ಎಂದು ನಾವು ಮರೆತುಬಿಟ್ಟದ್ದು ವಾಸ್ತವದಲ್ಲಿ ಇಡೀ ಉದ್ಯಮದ ನಂಬಿಕೆ. ಆ ನಂಬಿಕೆ ಅಂದೂ ಇತ್ತು, ಇಂದು ಇನ್ನೂ ಬಲವಾಗಿದೆ. ಪ್ರೇಕ್ಷಕನಿಗೆ ಗಮನವಿಲ್ಲ, ಅವನಿಗೆ ಇಷ್ಟೇ ಸಾಕು, ಇದಕ್ಕಿಂತ ಹೆಚ್ಚು ಕೊಟ್ಟರೆ ಅವನು ಚಾನೆಲ್ ಬದಲಿಸುತ್ತಾನೆ ಎಂಬುದನ್ನು ವಾಹಿನಿಯವರಷ್ಟೇ ಅಲ್ಲ, ಬರಹಗಾರರೂ ನಟರೂ, ಕೊನೆಗೆ ಪ್ರೇಕ್ಷಕರೂ ಒಪ್ಪಿಕೊಂಡು ಕೂತಿದ್ದಾರೆ. ಇದು ಸುಳ್ಳು. ಸುಳ್ಳು ಎಂಬುದಕ್ಕೆ ‘ಪೊಲೀಸ್ ಸ್ಕ್ವಾಡ್!’ಗಿಂತ ಒಳ್ಳೆಯ ಪುರಾವೆ ಬೇಕಿಲ್ಲ.

ಮೊದಲು ಆ ಧಾರಾವಾಹಿಯಲ್ಲಿ ಇದ್ದದ್ದೇನು ಎಂದು ನೋಡಬೇಕು. ಡೇವಿಡ್ ಜುಕರ್, ಜೆರ್ರಿ ಜುಕರ್ ಅಣ್ಣತಮ್ಮಂದಿರು, ಅವರ ಗೆಳೆಯ ಜಿಮ್ ಅಬ್ರಹಾಮ್ಸ್. ವಿಸ್ಕಾನ್ಸಿನ್ ರಾಜ್ಯದಿಂದ ಬಂದ ಈ ಮೂವರು ಬೆಳೆದದ್ದು ಐವತ್ತು ಅರವತ್ತರ ದಶಕದ ಪೊಲೀಸ್ ಧಾರಾವಾಹಿಗಳನ್ನು ನೋಡಿಕೊಂಡು. ಲೀ ಮಾರ್ವಿನ್ ನಟಿಸಿದ್ದ ‘ಎಂ ಸ್ಕ್ವಾಡ್’, ಕ್ವಿನ್ ಮಾರ್ಟಿನ್ ನಿರ್ಮಿಸುತ್ತಿದ್ದ ಪತ್ತೇದಾರಿ ಕಥೆಗಳು, ಅವುಗಳ ಗಡಸು ದನಿಯ ನಿರೂಪಣೆ, ಅಂಕಗಳಾಗಿ ಒಡೆದ ಕಥೆ, ಕೊನೆಯಲ್ಲಿ ಅಧಿಕಾರಿಗಳಿಬ್ಬರು ನಗುತ್ತಾ ನಿಂತಾಗ ಚಿತ್ರ ಸ್ತಬ್ಧವಾಗುವುದು, ಇವೆಲ್ಲವನ್ನೂ ಹಾಗೆಹಾಗೇ ಎತ್ತಿಕೊಂಡು ಅದರೊಳಗೆ ಹಾಸ್ಯ ತುಂಬಿದರು. ಕ್ವಿನ್ ಮಾರ್ಟಿನ್ ಕಾರ್ಯಕ್ರಮಗಳಿಗೆ ದನಿ ಕೊಡುತ್ತಿದ್ದ ಹ್ಯಾಂಕ್ ಸಿಮ್ಸ್ ಅವರಿಂದಲೇ ಇಲ್ಲಿಯೂ ದನಿ ಕೊಡಿಸಿದರು.

ಕಂತಿನ ಶೀರ್ಷಿಕೆ ತೆರೆಯ ಮೇಲೆ ಒಂದು ಬರುತ್ತದೆ, ಸಿಮ್ಸ್ ಓದುವುದು ಇನ್ನೊಂದು. ಓದಿದವನಿಗೂ ಕೇಳಿದವನಿಗೂ ಅರ್ಧ ಅರ್ಧ ಮಾತ್ರ ಸಿಗುತ್ತದೆ. ಕಣ್ಣು ಕಿವಿ ಎರಡನ್ನೂ ತೆರೆದಿಟ್ಟವನಿಗೆ ಮಾತ್ರ ಪೂರ್ತಿ ನಗು. ಆರಂಭದಲ್ಲಿಯೇ ಆ ವಾರದ ವಿಶೇಷ ಅತಿಥಿ ನಟನ ಹೆಸರು ಘೋಷಿಸುತ್ತಾರೆ. ಹೆಸರು ಹೇಳುತ್ತಿದ್ದಂತೆಯೇ ಆತ ಕೊಲೆಯಾಗಿ ಬೀಳುತ್ತಾನೆ, ಮತ್ತೆ ಕಾಣಿಸುವುದೇ ಇಲ್ಲ. ‘ಬೊನಾಂಜಾ’ದ ಲಾರ್ನ್ ಗ್ರೀನ್, ‘ಸ್ಟಾರ್ ಟ್ರೆಕ್’ನ ವಿಲಿಯಂ ಶಾಟ್ನರ್ ಅಂಥವರೆಲ್ಲ ಹೀಗೆ ಕೆಲವೇ ಕ್ಷಣಗಳಲ್ಲಿ ಸತ್ತು ಹೋದರು. ಅಬ್ರಹಾಂ ಲಿಂಕನ್ ವೇಷದಲ್ಲಿ ರೆಕ್ಸ್ ಹ್ಯಾಮಿಲ್ಟನ್ ಎಂಬ ನಟ ಪ್ರತಿ ವಾರ ಶೀರ್ಷಿಕೆಯ ಹೊತ್ತಿಗೆ ಬಂದು ಗುಂಡು ಹಾರಿಸುತ್ತಾನೆ, ಕಥೆಯಲ್ಲಿ ಎಲ್ಲಿಯೂ ಇಲ್ಲ. ಕೊನೆಯಲ್ಲಿ ಚಿತ್ರ ಸ್ತಬ್ಧವಾಗಬೇಕಾದ ಜಾಗದಲ್ಲಿ ಕ್ಯಾಮೆರಾ ಓಡುತ್ತಲೇ ಇರುತ್ತದೆ, ನಟರು ಮಾತ್ರ ಉಸಿರು ಬಿಗಿಹಿಡಿದು ನಿಂತಿರುತ್ತಾರೆ. ಬಗ್ಗಿಸಿದ ಕಾಫಿ ಲೋಟ ತುಂಬಿ ಹೊರಗೆ ಸುರಿಯುತ್ತದೆ, ಹಿಂದೆ ನಿಂತ ಕೈದಿ ಇವರೆಲ್ಲ ಅಲುಗುತ್ತಿಲ್ಲವೆಂದು ತಿಳಿದು ಜಾಗ ಬಿಡುತ್ತಾನೆ.

ಬೂಟಿಗೆ ಪಾಲಿಶ್ ಹಾಕುವ ಜಾನಿಯ ಅಂಗಡಿಯ ದೃಶ್ಯವಂತೂ ಪ್ರತಿ ವಾರ ಬರುತ್ತಿತ್ತು. ಪತ್ತೇದಾರ ಫ್ರಾಂಕ್ ಡ್ರೆಬಿನ್ ಒಂದು ನೋಟು ಕೈಗಿಟ್ಟು ಊರಿನ ಅಪರಾಧಿಗಳ ಸುದ್ದಿ ಕೇಳುತ್ತಾನೆ. ಪೊಲೀಸ್ ಕಥೆಗಳಲ್ಲಿ ಇಂಥ ಮಾಹಿತಿದಾರ ಇದ್ದೇ ಇರುತ್ತಾನೆ. ಇಲ್ಲಿ ಡ್ರೆಬಿನ್ ಎದ್ದು ಹೋದ ಮೇಲೆ ಹೃದಯ ಶಸ್ತ್ರಚಿಕಿತ್ಸೆಯ ವೈದ್ಯ ಬಂದು ಕೂರುತ್ತಾನೆ, ಪಾದ್ರಿ ಬಂದು ಕೂರುತ್ತಾನೆ. ತಮ್ಮ ತಮ್ಮ ಕಸುಬಿನ ಸಂಶಯಗಳನ್ನು ನೋಟಿನ ಜೊತೆಗೆ ಜಾನಿಯ ಮುಂದಿಡುತ್ತಾರೆ. ಜಾನಿ ಉತ್ತರವನ್ನೂ ಹೇಳುತ್ತಾನೆ.

ಮಾತಿನ ಹಾಸ್ಯವೂ ಇದೇ ಜಾತಿಯದು. ಕತ್ತಲೆ ಕೋಣೆಯಲ್ಲಿ ಕಾದು ಕುಳಿತ ಡ್ರೆಬಿನ್‌ನನ್ನು ಕಂಡು ಒಬ್ಬ ಬೆಚ್ಚಿ, ನೀನು ಯಾರು, ಒಳಗೆ ಹೇಗೆ ಬಂದೆ ಎಂದು ಎರಡು ಪ್ರಶ್ನೆ ಕೇಳುತ್ತಾನೆ. ನಾನು ಬೀಗದ ಕೆಲಸದವನು, ಮತ್ತೆ, ನಾನು ಬೀಗದ ಕೆಲಸದವನು ಎಂದು ಅದೇ ಗಾಂಭೀರ್ಯದಲ್ಲಿ ಎರಡು ಉತ್ತರ ಬರುತ್ತದೆ. ಇದರಲ್ಲಿ ಅರ್ಥವಾಗದ್ದೇನಿದೆ? ಕೇಳಿಸಿಕೊಂಡರೆ ಸಾಕು.

ಈ ಹಾಸ್ಯದ ಬೆನ್ನೆಲುಬು ಡ್ರೆಬಿನ್ ಪಾತ್ರ ಮಾಡಿದ ಲೆಸ್ಲಿ ನೀಲ್ಸನ್. ಕೆನಡಾದ ರೆಜೈನಾದಲ್ಲಿ 1926ರಲ್ಲಿ ಹುಟ್ಟಿದವರು. ತಂದೆ ಆ ದೇಶದ ಮೌಂಟೆಡ್ ಪೊಲೀಸ್ ದಳದಲ್ಲಿದ್ದವರು. ನ್ಯೂಯಾರ್ಕಿನಲ್ಲಿ ನಟನೆ ಕಲಿತು, ಟಿವಿ ನಾಟಕಗಳು ನೇರ ಪ್ರಸಾರವಾಗುತ್ತಿದ್ದ ಕಾಲದಲ್ಲಿ ಹಗಲಿರುಳು ದುಡಿದು ಸಿನಿಮಾಕ್ಕೆ ಬಂದವರು. 1956ರ ‘ಫರ್ಬಿಡನ್ ಪ್ಲಾನೆಟ್’ನಲ್ಲಿ ಅಂತರಿಕ್ಷ ನೌಕೆಯ ಕಮಾಂಡರ್, 1957ರ ‘ಟ್ಯಾಮಿ ಅಂಡ್ ದ ಬ್ಯಾಚುಲರ್’ನಲ್ಲಿ ಡೆಬ್ಬಿ ರೆನಾಲ್ಡ್ಸ್ ಎದುರು ನಾಯಕ, 1972ರ ‘ದ ಪೊಸೈಡನ್ ಅಡ್ವೆಂಚರ್’ನಲ್ಲಿ ಮುಳುಗುವ ಹಡಗಿನ ಕ್ಯಾಪ್ಟನ್. 1961ರಲ್ಲಿ ಇದೇ ಎಬಿಸಿಯಲ್ಲಿ, ಇದೇ ಕ್ವಿನ್ ಮಾರ್ಟಿನ್ ನಿರ್ಮಾಣದ ‘ದ ನ್ಯೂ ಬ್ರೀಡ್’ ಧಾರಾವಾಹಿಯಲ್ಲಿ ಲಾಸ್ ಏಂಜಲಿಸ್ ಪೊಲೀಸ್ ಅಧಿಕಾರಿಯಾಗಿ ನಟಿಸಿದ್ದರು. ಅಂದರೆ ‘ಪೊಲೀಸ್ ಸ್ಕ್ವಾಡ್!’ನಲ್ಲಿ ಅವರು ಅಣಕಿಸಿದ್ದು ತಾವೇ ಒಂದು ಕಾಲಕ್ಕೆ ಶ್ರದ್ಧೆಯಿಂದ ಮಾಡಿದ್ದ ಪಾತ್ರವನ್ನು. ಮೂವತ್ತು ವರ್ಷಗಳ ಗಂಭೀರ ಅಭಿನಯ ಬೆನ್ನ ಹಿಂದೆ ಇದ್ದದ್ದರಿಂದಲೇ ಆ ಮುಖದ ಮೇಲೆ ಒಂದು ಗೆರೆಯೂ ಅಲುಗಲಿಲ್ಲ. ತಾನು ಹಾಸ್ಯ ಮಾಡುತ್ತಿದ್ದೇನೆ ಎಂಬ ಸುಳಿವನ್ನು ನೀಲ್ಸನ್ ಒಮ್ಮೆಯೂ ಬಿಟ್ಟುಕೊಡುವುದಿಲ್ಲ. ಸಣ್ಣ ಕಣ್ಣುಮಿಟುಕು ಬಂದಿದ್ದರೂ ಇಡೀ ಕಟ್ಟಡ ಕುಸಿಯುತ್ತಿತ್ತು.

ಆಗ ಅವರಿಗೆ 56 ವರ್ಷ. ಆ ವಯಸ್ಸಿಗೆ ಬಂದ ಸಿನಿಮಾ ನಟ ಟಿವಿ ಹಾಸ್ಯಕ್ಕೆ ಬಂದರೆ ಅದು ಇಳಿಗಾಲ ಎಂದೇ ಎಣಿಸುವ ರೂಢಿ ಅಲ್ಲಿಯೂ ಇತ್ತು. ಕಾರ್ಯಕ್ರಮ ನಿಂತಾಗ ಆ ಎಣಿಕೆಗೆ ಮುದ್ರೆ ಬಿದ್ದಂತಾಯಿತು. ಹಿರಿಯ ನಟರ ಬೆಳ್ಳಿತೆರೆಯ ವರ್ಚಸ್ಸು ಪುಟ್ಟ ಪೆಟ್ಟಿಗೆಯಲ್ಲಿ ನಡೆಯುವುದಿಲ್ಲ ಎಂದು ಹೇಳಲು ಇನ್ನೊಂದು ಉದಾಹರಣೆ ಸಿಕ್ಕಿತು. ಆದರೆ ಆ ವರ್ಷದ ಎಮ್ಮಿ ಪ್ರಶಸ್ತಿಗಳಿಗೆ ಹಾಸ್ಯ ಧಾರಾವಾಹಿಯ ನಾಯಕ ನಟರ ಪಟ್ಟಿಯಲ್ಲಿ ನೀಲ್ಸನ್ ಹೆಸರಿತ್ತು, ಬರವಣಿಗೆಯ ಪಟ್ಟಿಯಲ್ಲಿ ಮೊದಲ ಕಂತಿನ ಬರಹಗಾರರ ಹೆಸರಿತ್ತು. ಸಹಕಲಾವಿದರು ಕಣ್ಣಿಟ್ಟು ನೋಡಿದ್ದರು. ನೋಡಿದ್ದರಿಂದ ಗುರುತಿಸಿದರು. ನಟನ ವಯಸ್ಸಿನದಾಗಲಿ ಕಸುಬಿನದಾಗಲಿ ತಪ್ಪೇನಿತ್ತು?

ಈಗ ಆ ತೀರ್ಪನ್ನು ಸಮರ್ಥಿಸುವ ವಾದಗಳಿಗೆ ಬರಬೇಕು. ಮೊದಲನೆಯದು, ಮೇಲುನೋಟಕ್ಕೆ ಹೊಗಳಿಕೆಯಂತೆ ಕಾಣುವ ವಾದ. ಆ ಧಾರಾವಾಹಿ ತನ್ನ ಕಾಲಕ್ಕಿಂತ ಮುಂದಿತ್ತು, ಇಪ್ಪತ್ತು ವರ್ಷ ತಡವಾಗಿ ಬಂದಿದ್ದರೆ ಗೆಲ್ಲುತ್ತಿತ್ತು ಎನ್ನುತ್ತಾರೆ. ಮೆಚ್ಚಿಕೊಂಡವರೇ ಈ ಮಾತನ್ನು ಹೆಚ್ಚು ಆಡುವುದು. ಇದಕ್ಕಿಂತ ಸುಲಭವಾಗಿ ವಾಹಿನಿಯನ್ನು ಹೊಣೆಯಿಂದ ಪಾರು ಮಾಡುವ ಮಾತು ಇನ್ನೊಂದಿಲ್ಲ. ಕಾಲಕ್ಕಿಂತ ಮುಂದಿತ್ತು ಎಂದರೆ ಜನ ಹಿಂದಿದ್ದರು ಎಂದೇ ತಾನೆ ಅರ್ಥ?

ಜನ ಎಲ್ಲಿ ಹಿಂದಿದ್ದರು? ಇದೇ ಮೂವರು, ಇದೇ ನೀಲ್ಸನ್‌ರನ್ನು ವೈದ್ಯನ ಪಾತ್ರದಲ್ಲಿಟ್ಟುಕೊಂಡು, ಇದೇ ಶೈಲಿಯಲ್ಲಿ ‘ಏರ್‌ಪ್ಲೇನ್!’ ಎಂಬ ಸಿನಿಮಾ ಮಾಡಿದ್ದು 1980ರಲ್ಲಿ. ಟಿವಿ ಧಾರಾವಾಹಿಗಿಂತ ಎರಡು ವರ್ಷ ಮೊದಲು. ಸುಮಾರು 35 ಲಕ್ಷ ಡಾಲರ್ ಖರ್ಚಿನಲ್ಲಿ ತಯಾರಾದ ಆ ಚಿತ್ರ ಉತ್ತರ ಅಮೆರಿಕವೊಂದರಲ್ಲೇ 8 ಕೋಟಿ ಡಾಲರ್ ಮೀರಿ ಗಳಿಸಿತು. ಟಿಕೆಟ್ ಕೊಂಡು ಸಾಲಿನಲ್ಲಿ ನಿಂತವರು ಇದೇ ಜನ. ಮತ್ತೆ 1988ರ ಡಿಸೆಂಬರಿನಲ್ಲಿ, ಟಿವಿಯಲ್ಲಿ ಸತ್ತ ಅದೇ ಫ್ರಾಂಕ್ ಡ್ರೆಬಿನ್ ‘ದ ನೇಕೆಡ್ ಗನ್’ ಎಂಬ ಹೆಸರಿನಲ್ಲಿ ಚಿತ್ರಮಂದಿರಕ್ಕೆ ಬಂದ. ಅಮೆರಿಕದ ಪ್ರೇಕ್ಷಕರು ಅದಕ್ಕೆ ಸುಮಾರು 7.8 ಕೋಟಿ ಡಾಲರ್ ಸುರಿದರು. ನೀಲ್ಸನ್ 62ನೆಯ ವಯಸ್ಸಿನಲ್ಲಿ ದೇಶದ ಮನೆಮಾತಾದರು. 1991ರಲ್ಲಿ, 1994ರಲ್ಲಿ ಮತ್ತೆರಡು ಭಾಗಗಳು ಬಂದವು. 2025ರಲ್ಲಿ ಲಿಯಾಮ್ ನೀಸನ್ ಡ್ರೆಬಿನ್‌ನ ಮಗನಾಗಿ ಇನ್ನೊಂದು ಚಿತ್ರದಲ್ಲಿ ನಟಿಸಿದರು. 1980ರಲ್ಲಿ ಅರ್ಥವಾದದ್ದು, 1988ರಲ್ಲಿ ಅರ್ಥವಾದದ್ದು ನಡುವೆ 1982ರಲ್ಲಿ ಮಾತ್ರ ಜನರಿಗೆ ಅರ್ಥವಾಗದೆ ಹೋಯಿತೇ?

ಜನ ಬದಲಾಗಿರಲಿಲ್ಲ. ಅವರನ್ನು ಯಾವ ಕಣ್ಣಿನಿಂದ ನೋಡಿದರು ಎಂಬುದು ಬೇರೆಯಾಗಿತ್ತು. ಚಿತ್ರಮಂದಿರದವನಿಗೆ ಪ್ರೇಕ್ಷಕ ದುಡ್ಡು ಕೊಟ್ಟು ಬಂದ ಗಿರಾಕಿ. ಜಾಹೀರಾತಿನ ಮೇಲೆ ಬದುಕುವ ವಾಹಿನಿಗೆ ಅದೇ ಪ್ರೇಕ್ಷಕ ಮಾರಾಟದ ಸರಕು. ಇಷ್ಟು ಲಕ್ಷ ಮನೆಗಳಲ್ಲಿ ಸೆಟ್ ಹೊತ್ತಿಕೊಂಡಿದೆ ಎಂಬ ಅಂಕಿ ಜಾಹೀರಾತುದಾರನ ಕೈಗೆ ಹೋಗುತ್ತದೆ. ಆ ಮನೆಯಲ್ಲಿ ಕುಳಿತವರು ನಕ್ಕರೋ, ಮುಂದಿನ ವಾರಕ್ಕೆ ಕಾದರೋ, ಪಕ್ಕದ ಮನೆಯವರಿಗೆ ಹೇಳಿದರೋ ಎಂಬುದು ಆ ಅಂಕಿಯಲ್ಲಿ ಇರುವುದಿಲ್ಲ. ಹಾಗಿದ್ದ ಮೇಲೆ ಆ ಅಂಕಿಯನ್ನು ಜನರ ತೀರ್ಪು ಎಂದು ಕರೆಯುವ ಹಕ್ಕು ಯಾರಿಗಿದೆ?

ಅಂಕಿಯನ್ನೇ ಒಪ್ಪಿಕೊಳ್ಳೋಣ. ನಾಲ್ಕು ವಾರದಲ್ಲಿ ಅದು ಏನು ಹೇಳಬಲ್ಲದು? ‘ಪೊಲೀಸ್ ಸ್ಕ್ವಾಡ್!’ ಬರುತ್ತಿದ್ದ ಗುರುವಾರ ಎಂಟರ ಹೊತ್ತಿಗೆ ಸಿಬಿಎಸ್‌ನಲ್ಲಿ ‘ಮ್ಯಾಗ್ನಂ ಪಿ.ಐ.’, ಎನ್‌ಬಿಸಿಯಲ್ಲಿ ‘ಫೇಮ್’ ಇದ್ದವು. ಎರಡೂ ಒಂದು ಗಂಟೆಯ ಕಾರ್ಯಕ್ರಮಗಳು. ಒಮ್ಮೆ ಅವುಗಳ ಮುಂದೆ ಕುಳಿತವರು ನಡುವೆ ಎದ್ದು ಬರುವವರಲ್ಲ. ಇಂಥ ಹೊತ್ತಿನಲ್ಲಿ ಹೊಸಬಗೆಯ ಹಾಸ್ಯವೊಂದಕ್ಕೆ ಬಾಯಿಂದ ಬಾಯಿಗೆ ಹೆಸರು ಹರಡಲು ಒಂದು ತಿಂಗಳು ಸಾಕೇ?

ಅದೇ 1982ರ ಸೆಪ್ಟೆಂಬರಿನಲ್ಲಿ, ಅದೇ ಗುರುವಾರ ರಾತ್ರಿ, ಎನ್‌ಬಿಸಿಯಲ್ಲಿ ‘ಚಿಯರ್ಸ್’ ಶುರುವಾಯಿತು. ಬಾಸ್ಟನ್ ನಗರದ ಒಂದು ಬಾರಿನ ಕಥೆ. ಆರಂಭದಲ್ಲಿ ಅದು ರೇಟಿಂಗ್ ಪಟ್ಟಿಯ ತಳದಲ್ಲಿತ್ತು. ಎನ್‌ಬಿಸಿ ಕಾದಿತು. ‘ಚಿಯರ್ಸ್’ 11 ಸೀಸನ್ ನಡೆದು 1993ರಲ್ಲಿ, ಅಮೆರಿಕದ ಅತ್ಯಂತ ಪ್ರಿಯ ಧಾರಾವಾಹಿಗಳಲ್ಲಿ ಒಂದಾಗಿ ಮುಗಿಯಿತು. 1989ರ ಜುಲೈನಲ್ಲಿ ‘ಸೈನ್‌ಫೆಲ್ಡ್’ನ ಮಾದರಿ ಕಂತು ಬಂದಾಗಲೂ ಯಾರೂ ಹಾರ ಹಿಡಿದು ನಿಂತಿರಲಿಲ್ಲ. ಮರುವರ್ಷ ಅಳೆದೂ ಸುರಿದೂ ಇನ್ನು ನಾಲ್ಕು ಕಂತುಗಳಿಗೆ ಒಪ್ಪಿಗೆ ಸಿಕ್ಕಿತು. 1998ರವರೆಗೆ ಅದು ನಡೆದ ಬಗೆ ಎಲ್ಲರಿಗೂ ಗೊತ್ತು. ನಾಲ್ಕನೆಯ ವಾರದಲ್ಲಿ ಕತ್ತರಿ ಹಾಕಿದ್ದರೆ ಇವೆರಡನ್ನೂ ನಾವು ವಿಫಲ ಎಂದೇ ಕರೆಯುತ್ತಿದ್ದೆವು, ಅಷ್ಟೇ ಖಚಿತವಾಗಿ ಕರೆಯುತ್ತಿದ್ದೆವು. ಇಂಗ್ಲೆಂಡಿನ ‘ಫಾಲ್ಟಿ ಟವರ್ಸ್’ ಒಟ್ಟು 12 ಕಂತು ಮಾತ್ರ. ಅದನ್ನು ಅಲ್ಪಾಯುಷಿ ಎಂದು ಯಾರಾದರೂ ಮರುಗುತ್ತಾರೆಯೇ? ಕಂತಿನ ಲೆಕ್ಕಕ್ಕೂ ಕೃತಿಯ ಯೋಗ್ಯತೆಗೂ ಸಂಬಂಧವಿಲ್ಲ ಎಂದು ಅಲ್ಲಿ ಒಪ್ಪುವವರು ಇಲ್ಲೇಕೆ ಒಪ್ಪುವುದಿಲ್ಲ?

ಎರಡನೆಯ ವಾದ ಇನ್ನೂ ಹೆಚ್ಚು ಸಮಾಧಾನ ಕೊಡುವಂಥದ್ದು. ನಿಂತದ್ದೇ ಒಳ್ಳೆಯದಾಯಿತು, ಇಲ್ಲದಿದ್ದರೆ ‘ನೇಕೆಡ್ ಗನ್’ ಎಲ್ಲಿ ಬರುತ್ತಿತ್ತು ಎನ್ನುವುದು. ವಾರವಾರವೂ ಅಷ್ಟು ಹಾಸ್ಯ ಹೊಸೆಯುವುದು ಬರಹಗಾರರಿಗೂ ಸಾಧ್ಯವಾಗುತ್ತಿರಲಿಲ್ಲ, ಆರಕ್ಕೆ ಮುಗಿದು ಮಾನ ಉಳಿಯಿತು ಎಂದೂ ಇದರ ಜೊತೆಗೆ ಸೇರಿಸುತ್ತಾರೆ.

ಮೊದಲನೆಯದಾಗಿ, ಸಿನಿಮಾ ಬಂದದ್ದು ಧಾರಾವಾಹಿ ನಿಂತದ್ದರಿಂದಲ್ಲ, ಧಾರಾವಾಹಿ ಚೆನ್ನಾಗಿದ್ದದ್ದರಿಂದ. ಎರಡನೆಯದಾಗಿ, ಸಿನಿಮಾಕ್ಕೆ ದಾಟಲಾಗದ ಎಷ್ಟೋ ಸಂಗತಿಗಳು ಆ ಆರು ಕಂತುಗಳಲ್ಲೇ ಉಳಿದುಹೋದವು. ಪ್ರತಿ ಕಂತಿನ ಕೊನೆಗೆ ಡ್ರೆಬಿನ್ ಮತ್ತು ಅವನ ಮೇಲಧಿಕಾರಿ ಎಡ್ ಹಾಕನ್ ಸಿಕ್ಕಿಬಿದ್ದ ಅಪರಾಧಿಯನ್ನು ಜೈಲಿಗೆ ಕಳಿಸಿ, ಅಲ್ಲಿ ಈಗಾಗಲೇ ಇರುವ ಹಿಂದಿನ ವಾರಗಳ ಅಪರಾಧಿಗಳ ಹೆಸರನ್ನೆಲ್ಲ ಒಂದೊಂದಾಗಿ ನೆನೆಯುತ್ತಾರೆ. ಮೊದಲ ವಾರ ಏನೂ ಅನ್ನಿಸುವುದಿಲ್ಲ. ಮೂರನೆಯ ವಾರ ಪಟ್ಟಿ ಸ್ವಲ್ಪ ಉದ್ದವಾಗುತ್ತದೆ. ಆರನೆಯ ವಾರಕ್ಕೆ ಆ ಉದ್ದವೇ ನಗು ತರಿಸುತ್ತದೆ. ಇಪ್ಪತ್ತನೆಯ ವಾರಕ್ಕೆ ಆ ಪಟ್ಟಿ ಏನಾಗುತ್ತಿತ್ತು? ವಾರವಾರವೂ ಬಂದು, ಪ್ರೇಕ್ಷಕನ ನೆನಪನ್ನು ನಂಬಿ, ನಿಧಾನವಾಗಿ ಬೆಳೆಯುವ ಈ ಹಾಸ್ಯ ಧಾರಾವಾಹಿಗೆ ಮಾತ್ರ ಸಾಧ್ಯ. ಎರಡು ಗಂಟೆಯ ಸಿನಿಮಾಕ್ಕೆ ಸಾಧ್ಯವಿಲ್ಲ. ಹಾಕನ್ ಪಾತ್ರ ಮಾಡಿದ ಅಲನ್ ನಾರ್ತ್ ಸಿನಿಮಾದಲ್ಲಿ ಇಲ್ಲ, ಅವರ ಜಾಗಕ್ಕೆ ಜಾರ್ಜ್ ಕೆನಡಿ ಬಂದರು. ನಾರ್ಬರ್ಗ್ ಆಗಿದ್ದ ಪೀಟರ್ ಲೂಪಸ್ ಇಲ್ಲ, ಅವರ ಜಾಗಕ್ಕೆ ಫುಟ್‌ಬಾಲ್ ತಾರೆ ಓ.ಜೆ. ಸಿಂಪ್ಸನ್ ಬಂದರು. ನಾರ್ತ್ ಮತ್ತು ಲೂಪಸ್ ಮುಂದೆ ನಿಂತು, ನಿಂತದ್ದೇ ಒಳ್ಳೆಯದಾಯಿತು ಎಂದು ಹೇಳಲು ಬಾಯಿ ಬಂದೀತೇ? ಒಂದು ಕೃತಿ ಕೊಲೆಯಿಂದ ಬದುಕಿ ಬಂದಿತೆಂದು ಕೊಲೆಗಾರನಿಗೆ ಕೃತಜ್ಞತೆ ಹೇಳುವುದು ನ್ಯಾಯವಲ್ಲ. ಮರಳಿ ಬಾರದೆ ಹೋದವುಗಳ ಲೆಕ್ಕ ಇಟ್ಟವರು ಯಾರು? ವಿಲಿಯಂ ವಿಂಡಂ ನಟಿಸಿದ ‘ಮೈ ವರ್ಲ್ಡ್ ಅಂಡ್ ವೆಲ್‌ಕಂ ಟು ಇಟ್’ ಧಾರಾವಾಹಿಯನ್ನು ಎನ್‌ಬಿಸಿ 1970ರಲ್ಲಿ ಒಂದೇ ಸೀಸನ್ನಿಗೆ ನಿಲ್ಲಿಸಿತು. ಅದೇ ವರ್ಷ ಅತ್ಯುತ್ತಮ ಹಾಸ್ಯ ಧಾರಾವಾಹಿಯ ಎಮ್ಮಿ ಅದಕ್ಕೆ ಬಂತು, ಅತ್ಯುತ್ತಮ ನಟ ವಿಂಡಂ. ಆದರೂ ಅದರ ಹೊಸ ಕಂತುಗಳು ಮತ್ತೆ ಬರಲಿಲ್ಲ.

ಮೂರನೆಯದು, ಎಲ್ಲಕ್ಕಿಂತ ಹೆಚ್ಚು ಕೇಡು ಮಾಡಿರುವುದು, ಎಲ್ಲಿ ನಗಬೇಕೆಂದು ಪ್ರೇಕ್ಷಕನಿಗೆ ಹೇಳಿಕೊಡಬೇಕು ಎಂಬ ನಂಬಿಕೆ. ಐವತ್ತರ ದಶಕದಲ್ಲಿ ಸಿಬಿಎಸ್‌ನ ಧ್ವನಿ ಎಂಜಿನಿಯರ್ ಆಗಿದ್ದ ಚಾರ್ಲ್ಸ್ ಡಗ್ಲಾಸ್ ಧ್ವನಿಮುದ್ರಿತ ನಗುವಿನ ಯಂತ್ರವೊಂದನ್ನು ಮಾಡಿದರು. ಗುಂಡಿ ಒತ್ತಿದರೆ ಮೆಲುನಗು, ಇನ್ನೊಂದು ಒತ್ತಿದರೆ ಗಹಗಹಿಸುವಿಕೆ. ಮುಂದಿನ ದಶಕಗಳಲ್ಲಿ ಅಮೆರಿಕದ ಬಹುಪಾಲು ಹಾಸ್ಯ ಧಾರಾವಾಹಿಗಳು ಅದಿಲ್ಲದೆ ಹೊರಗೆ ಬರಲಿಲ್ಲ. ಯುದ್ಧಭೂಮಿಯ ಆಸ್ಪತ್ರೆಯ ಕಥೆಯಾದ ‘ಮ್ಯಾಶ್’ಗೂ ಅದನ್ನು ಅಂಟಿಸಿದರು. ಶಸ್ತ್ರಚಿಕಿತ್ಸೆಯ ಕೋಣೆಯ ದೃಶ್ಯಗಳಲ್ಲಿ ಮಾತ್ರ ಅದು ಬೇಡವೆಂದು ನಿರ್ಮಾಪಕರು ಹಟ ಹಿಡಿದು ಉಳಿಸಿಕೊಳ್ಳಬೇಕಾಯಿತು. ‘ಪೊಲೀಸ್ ಸ್ಕ್ವಾಡ್!’ ಆ ನಗುವನ್ನು ಹಾಕಿಕೊಳ್ಳಲೇ ಇಲ್ಲ. ಹಾಕಿಕೊಂಡಿದ್ದರೆ ನೀಲ್ಸನ್ ಅವರ ಗಾಂಭೀರ್ಯಕ್ಕೆ ಬೆಲೆಯೇ ಇರುತ್ತಿರಲಿಲ್ಲ. ಮುಂದಿನ ಮಾತಿನ ಮೇಲೆ ಹಿಂದಿನ ನಗು ಬಿದ್ದು ಎರಡೂ ಕೇಳದಂತಾಗುತ್ತಿತ್ತು. ಹಿನ್ನೆಲೆಯ ಮೂಲೆಯಲ್ಲಿ ನಡೆಯುವುದನ್ನು ತಾನೇ ಕಂಡುಹಿಡಿಯುವ ಸಂತೋಷ ಪ್ರೇಕ್ಷಕನಿಗೆ ಸಿಗುತ್ತಿರಲಿಲ್ಲ. ಆ ಸಂತೋಷವನ್ನು ಅವನಿಗೆ ಬಿಟ್ಟುಕೊಟ್ಟದ್ದೇ ಆ ಧಾರಾವಾಹಿ ಪ್ರೇಕ್ಷಕನಿಗೆ ತೋರಿದ ಗೌರವ. ಅದನ್ನೇ ದೋಷವೆಂದು ಬರೆದುಕೊಂಡರು.

ನಲವತ್ತು ವರ್ಷ ಕಳೆದ ಮೇಲೂ ಇದು ಮುಗಿದ ಕಥೆಯಲ್ಲ. ಪಾತ್ರೆ ತೊಳೆಯುತ್ತಾ ಟಿವಿ ಕೇಳುವವರ ಜಾಗಕ್ಕೆ ಈಗ ಮೊಬೈಲ್ ನೋಡುತ್ತಾ ಟಿವಿ ಹಾಕಿಕೊಂಡವರು ಬಂದಿದ್ದಾರೆ. ಪಾತ್ರ ತಾನು ಮಾಡುತ್ತಿರುವುದನ್ನು ಬಾಯಿಬಿಟ್ಟು ಹೇಳಬೇಕು, ತೆರೆ ನೋಡದವರಿಗೂ ಕಥೆ ತಿಳಿಯಬೇಕು ಎಂಬ ಸೂಚನೆ ತಮಗೆ ಬರುತ್ತಿದೆಯೆಂದು ಅಮೆರಿಕದ ಚಿತ್ರಕಥೆಗಾರರೇ ಹೇಳಿಕೊಂಡಿದ್ದಾರೆ. ಥೊಮೊಪುಲಸ್ ಅವರ ಕಾರಣಕ್ಕೆ ಹೊಸ ಅಂಗಿ ತೊಡಿಸಿದ್ದಾರೆ, ಅಷ್ಟೇ. ಅಂದು ಅದು ಒಂದು ಕಾರ್ಯಕ್ರಮವನ್ನು ನಿಲ್ಲಿಸಲು ಕೊಟ್ಟ ನೆಪವಾಗಿತ್ತು. ಇಂದು ಬರೆಯುವ ಮೊದಲೇ ಹಾಕುವ ಷರತ್ತು. ಅಂದು ಆರು ಕಂತಾದರೂ ತಯಾರಾದವು. ಇಂದು ಅಂಥದ್ದು ಕಾಗದದ ಮೇಲೂ ಬರುವುದಿಲ್ಲ.

ಕನ್ನಡದ ಓದುಗರಿಗೆ ಇದು ದೂರದ ಮಾತಲ್ಲ. ಸಂಜೆಯ ಯಾವುದೇ ಧಾರಾವಾಹಿಯನ್ನು ಹಾಕಿದರೂ ಸಾಕು. ಒಂದು ಮಾತು ಬಿದ್ದೊಡನೆ ಸುತ್ತ ನಿಂತ ಅಷ್ಟೂ ಮಂದಿಯ ಮುಖವನ್ನು ಸರದಿಯಲ್ಲಿ ತೋರಿಸುತ್ತಾರೆ, ಪ್ರತಿ ಮುಖಕ್ಕೂ ಒಂದು ಗುಡುಗು. ನಿನ್ನೆ ನಡೆದದ್ದನ್ನು ಇಂದು ಎರಡು ಸಲ ನೆನಪಿಸುತ್ತಾರೆ. ಪಾತ್ರ ಮನಸ್ಸಿನಲ್ಲಿ ಅಂದುಕೊಂಡದ್ದನ್ನು ನಮಗೆ ಕೇಳುವಂತೆ ಓದಿ ಹೇಳಿಸುತ್ತಾರೆ. ಹಾಸ್ಯ ಕಾರ್ಯಕ್ರಮವಾದರೆ ಪ್ರತಿ ಸಾಲಿನ ಬಾಲಕ್ಕೂ ಒಂದು ಟೊಂಯ್ ಸದ್ದು. ಕೇಳಿದರೆ ಉತ್ತರ ಸಿದ್ಧವಾಗಿದೆ. ಹೆಂಗಸರು ಅಡುಗೆ ಮಾಡುತ್ತಾ ನೋಡುತ್ತಾರೆ, ಅವರಿಗೆ ಸೂಕ್ಷ್ಮ ಬೇಡ ಎನ್ನುತ್ತಾರೆ. ಈ ಮಾತಿನಲ್ಲಿರುವ ತಿರಸ್ಕಾರವನ್ನು ಗಮನಿಸಬೇಕು. ದಿನವಿಡೀ ಮನೆಯ ನೂರು ಕೆಲಸಗಳನ್ನು ನೆನಪಿಟ್ಟು ನಡೆಸುವವರಿಗೆ ಅರ್ಧ ಗಂಟೆಯ ಕಥೆಯ ಎಳೆ ನೆನಪಿರುವುದಿಲ್ಲವೇ?

ಕನ್ನಡದ ಜನಕ್ಕೆ ಗಮನವಿಟ್ಟು ಕೇಳುವುದನ್ನು ಯಾರೂ ಕಲಿಸಬೇಕಿಲ್ಲ. ಕರಾವಳಿಯ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬರಿಯ ಮಾತು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಕುಳಿತಲ್ಲೇ ಎಸೆಯುತ್ತಿದ್ದ ವಾದವನ್ನು, ಅದರ ಶ್ಲೇಷೆಯನ್ನು, ಎದುರಿನವರ ಮರುಮಾತನ್ನು ಜನ ಚಾಪೆಯ ಮೇಲೆ ಕುಳಿತು ಗಂಟೆಗಟ್ಟಲೆ ಸವಿದರು. ಟಿ.ಪಿ. ಕೈಲಾಸಂ ಅವರ ನಾಟಕಗಳಲ್ಲಿ ಕನ್ನಡ ಇಂಗ್ಲಿಷ್ ಎರಡೂ ಒಂದೇ ಉಸಿರಿನಲ್ಲಿ ಓಡುತ್ತವೆ, ಕ್ಷಣ ಕಿವಿ ತಪ್ಪಿದರೆ ನಗು ತಪ್ಪುತ್ತದೆ. ಆ ನಾಟಕಗಳು ಊರೂರಿನ ಹವ್ಯಾಸಿ ತಂಡಗಳ ರಂಗದ ಮೇಲೆ ತಲೆಮಾರುಗಟ್ಟಲೆ ನಡೆದವು. 1942ರಲ್ಲಿ ‘ರಾಶಿ’ ಎಂಬ ಕಾವ್ಯನಾಮದ ಎಂ. ಶಿವರಾಂ ಶುರು ಮಾಡಿದ ‘ಕೊರವಂಜಿ’ ಹಾಸ್ಯ ಪತ್ರಿಕೆ ನಂಬಿದ್ದು ಇಂಥ ಓದುಗರನ್ನೇ. ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ದ ಮಾತಿನ ವೇಗಕ್ಕೆ ಸಮನಾಗಿ ನಕ್ಕವರು ಪಂಡಿತರಲ್ಲ, ಹಳ್ಳಿ ಪಟ್ಟಣಗಳಿಂದ ಟಿಕೆಟ್ ಕೊಂಡು ಬಂದ ಸಾಮಾನ್ಯರು. ಟಿವಿಯಲ್ಲಿಯೇ ನೋಡುವುದಾದರೆ, ಟಿ.ಎನ್. ಸೀತಾರಾಂ ಅವರ ‘ಮಾಯಾಮೃಗ’, ‘ಮುಕ್ತ’ಗಳಲ್ಲಿ ನ್ಯಾಯಾಲಯದ ವಾದಗಳು ಕಂತುಗಟ್ಟಲೆ ನಡೆದವು. ಜನ ಅವುಗಳ ಎಳೆ ಬಿಡದೆ ಹಿಡಿದರು, ಮರುದಿನ ಬಸ್ಸಿನಲ್ಲಿ ಚರ್ಚಿಸಿದರು. ಶಂಕರ್ ನಾಗ್ ಆಗುಂಬೆಯಲ್ಲಿ ತೆಗೆದ ‘ಮಾಲ್ಗುಡಿ ಡೇಸ್’ನಲ್ಲಿ ಗುಡುಗಿನ ಸದ್ದಿರಲಿಲ್ಲ. ಅದರ ಮೆಲುದನಿಯನ್ನು ಇಡೀ ದೇಶ ಕುಳಿತು ನೋಡಿತು.

ಹಿರಿಯ ನಟರ ವಿಷಯದಲ್ಲೂ ಪ್ರೇಕ್ಷಕನ ಮೇಲೆ ತಪ್ಪು ಹೊರಿಸುವಂತಿಲ್ಲ. ನಾಟಕ, ಸಿನಿಮಾ ಎರಡರಲ್ಲೂ ದಶಕಗಳನ್ನು ಕಳೆದ ಉಮಾಶ್ರೀ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯ ಕೇಂದ್ರಪಾತ್ರವಾಗಿ ಬಂದಾಗ ಜನ ಅಪ್ಪಿಕೊಂಡರು. ಆದರೂ ಐವತ್ತು ದಾಟಿದ ಕಲಾವಿದರಿಗೆ ಸಾಮಾನ್ಯವಾಗಿ ಸಿಗುವುದು ಸೋಫಾದ ಮೇಲೆ ಕುಳಿತು ಆಶೀರ್ವಾದ ಮಾಡುವ ಪಾತ್ರ, ಇಲ್ಲವೇ ಎದೆ ಹಿಡಿದುಕೊಂಡು ಬೀಳುವ ಪಾತ್ರ. ರಂಗಭೂಮಿಯಲ್ಲಿ ಮೂವತ್ತು ನಲವತ್ತು ವರ್ಷ ಪಳಗಿದ ಎಷ್ಟು ಮಂದಿ ನಮ್ಮಲ್ಲಿಲ್ಲ? ಮುಖದ ಗೆರೆ ಅಲುಗಿಸದೆ ಸಭೆಯನ್ನು ನಗಿಸಬಲ್ಲವರು ಎಷ್ಟು ಮಂದಿಯಿಲ್ಲ? ನೀಲ್ಸನ್ ಅವರಲ್ಲಿದ್ದ ಹಾಸ್ಯಗಾರನನ್ನು ಜಗತ್ತು ಕಂಡದ್ದು 54ನೆಯ ವಯಸ್ಸಿನಲ್ಲಿ, ಯಾರೋ ಮೂವರು ಹುಡುಗರು ನಂಬಿ ಪಾತ್ರ ಕೊಟ್ಟಿದ್ದರಿಂದ. ನಮ್ಮ ವಾಹಿನಿಗಳಲ್ಲಿ ಆ ನಂಬಿಕೆಯ ಕೆಲಸವನ್ನು ಮಾಡುತ್ತಿರುವವರು ಯಾರು?

ಆದ್ದರಿಂದ ಕೇಳಬೇಕಾದದ್ದನ್ನು ನೇರವಾಗಿ ಕೇಳಬೇಕು. ಹೊಸ ಹಾಸ್ಯ ಧಾರಾವಾಹಿಯೊಂದನ್ನು ಒಪ್ಪಿಕೊಳ್ಳುವ ವಾಹಿನಿ ಕನಿಷ್ಠ 13 ವಾರ ಅದನ್ನು ಮುಟ್ಟುವುದಿಲ್ಲ, ಹೊತ್ತು ಬದಲಿಸುವುದಿಲ್ಲ ಎಂದು ಒಪ್ಪಂದದಲ್ಲೇ ಬರೆದುಕೊಡಲಿ. ಮುದ್ರಿತ ನಗುವನ್ನೂ ಟೊಂಯ್ ಸದ್ದನ್ನೂ ಒಂದೇ ಒಂದು ಧಾರಾವಾಹಿಯಿಂದಲಾದರೂ ತೆಗೆದು ನೋಡಲಿ. ಅರವತ್ತರ ನಟನನ್ನೋ ನಟಿಯನ್ನೋ ನಡುವೆ ಇಟ್ಟು ಬರೆದ ಹಾಸ್ಯಕ್ಕೆ ವಾರದಲ್ಲಿ ಒಂದು ಅರ್ಧ ಗಂಟೆ ಕೊಡಲಿ. ಬರಹಗಾರರು, ಜನಕ್ಕೆ ಇಷ್ಟೇ ಸಾಕು ಎಂದು ಹೇಳಿದವರಿಗೆ ಆ ಜನ ಯಾರು, ನೀವು ಯಾವಾಗ ಕೇಳಿದಿರಿ ಎಂದು ಮರುಪ್ರಶ್ನೆ ಹಾಕಲಿ. ವಾರದ ಟಿಆರ್‌ಪಿ ಪಟ್ಟಿಯನ್ನು ಕ್ರಿಕೆಟ್ ಸ್ಕೋರಿನಂತೆ ಪ್ರಕಟಿಸುವ ಪತ್ರಿಕೆಗಳು ಅದೇ ಜಾಗದಲ್ಲಿ ಒಂದು ಕಂತಿನ ವಿಮರ್ಶೆಯನ್ನು ಪ್ರಕಟಿಸಲಿ.

ಮನೆಯಲ್ಲಿ ಕುಳಿತು ನೋಡುವವರ ಪಾಲಿನ ಕೆಲಸವೂ ಇದೆ. ‘ಪೊಲೀಸ್ ಸ್ಕ್ವಾಡ್!’ನ ಆರೂ ಕಂತುಗಳು 2006ರಲ್ಲಿ ಡಿವಿಡಿಯಾಗಿ ಬಂದಿವೆ. ಎಲ್ಲ ಸೇರಿ ಸುಮಾರು ಎರಡೂವರೆ ಗಂಟೆ. ಫೋನನ್ನು ಬೇರೆ ಕೋಣೆಯಲ್ಲಿಟ್ಟು ಅವನ್ನು ನೋಡಿ. ನೋಡಿದ ಮೇಲೆ, ಕನ್ನಡದಲ್ಲಿ ಇಂಥದ್ದು ನಮಗೂ ಬೇಕು ಎಂದು ನೀವು ದುಡ್ಡು ಕೊಟ್ಟು ತರಿಸಿಕೊಳ್ಳುವ ವಾಹಿನಿಗೆ ಬರೆಯಿರಿ.